ಎಷ್ಟು ಶಾರ್ಟ್‌ಕಟ್ ಕಲಿತರೆ ಸಾಕು?

ಪ್ರಶ್ನೆ: ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯುತ್ತೇನೆ. ಹರಾಜಿನ ಚೀಟಿಗಳನ್ನು ಎಕ್ಸೆಲ್‌ಗೆ ಏರಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಕೀಬೋರ್ಡ್ ಶಾರ್ಟ್‌ಕಟ್ ಕಲಿತರೆ ಬೇಗ ಮುಗಿಯುತ್ತದೆ ಎನ್ನುತ್ತಾರೆ. ನೂರು ಶಾರ್ಟ್‌ಕಟ್‌ಗಳ ಪಟ್ಟಿಯೊಂದು ನನ್ನ ಬಳಿ ಇದೆ, ಒಂದೂ ನೆನಪಿನಲ್ಲಿ ನಿಲ್ಲುವುದಿಲ್ಲ. ನಿಜಕ್ಕೂ ಎಷ್ಟು ಕಲಿಯಬೇಕು?

ಉತ್ತರ: ಹತ್ತು ಹನ್ನೆರಡು ಸಾಕು. ಮೊದಲ ವಾರಕ್ಕೆ ಎರಡೇ ಸಾಕು. ನೂರರ ಪಟ್ಟಿ ನೆನಪಿನಲ್ಲಿ ನಿಲ್ಲದಿದ್ದರೆ ನಿಮ್ಮದೇನೂ ತಪ್ಪಿಲ್ಲ, ಅದನ್ನು ಬರೆದವರಿಗೆ ನಿಮ್ಮ ಕೆಲಸ ಗೊತ್ತಿರಲಿಲ್ಲ. ಶಾರ್ಟ್‌ಕಟ್ ಬೆರಳಿಗೆ ಕೂರಬೇಕು. ದಿನಕ್ಕೆ ಐವತ್ತು ಸಲ ಬೇಕಾಗುವುದು ತಾನಾಗಿಯೇ ಕೂರುತ್ತದೆ. ತಿಂಗಳಿಗೊಮ್ಮೆ ಬೇಕಾಗುವುದಕ್ಕೆ ಮೌಸ್ ಇದ್ದೇ ಇದೆ.

ಉಳಿಯುವ ಸಮಯವೂ ಒಂದೊಂದು ಸಲಕ್ಕೆ ಒಂದೆರಡು ಸೆಕೆಂಡಷ್ಟೇ. ನಿಮ್ಮ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಲಾಭ ಬೇರೆಯದು. ಮೌಸ್ ಹಿಡಿಯಲು ಕೈ ಹೋದಾಗಲೆಲ್ಲ ಕಣ್ಣೂ ಚೀಟಿಯಿಂದ ಪರದೆಗೆ ಹೋಗುತ್ತದೆ. ತಿರುಗಿ ಬರುವಾಗ ಶ್ರೀನಿವಾಸಪುರದ ರೈತನ ಸಾಲಿನ ಬದಲು ಕೆಳಗಿರುವ ಮುಳಬಾಗಿಲಿನ ರೈತನ ಸಾಲಿನ ಮೇಲೆ ಕೂರುತ್ತದೆ. ಒಬ್ಬರ ದರ ಇನ್ನೊಬ್ಬರ ಹೆಸರಿಗೆ ಬೀಳುವುದು ಹೀಗೆಯೇ. ಬೆಳೆದವನ ಕೈಗೆ ಹೋಗುವ ದುಡ್ಡಿನ ಲೆಕ್ಕವಿದು; ಕಣ್ಣು ಚೀಟಿಯ ಮೇಲೇ ಇರಬೇಕು.

ಆದ್ದರಿಂದ ಮೊದಲು ಟ್ಯಾಬ್ ಮತ್ತು ಎಂಟರ್ ಕಲಿಯಿರಿ. ಇವನ್ನು ಯಾರೂ ಶಾರ್ಟ್‌ಕಟ್ ಎಂದು ಎಣಿಸುವುದಿಲ್ಲ, ಆದರೆ ನಿಮಗೆ ಇವಕ್ಕಿಂತ ಉಪಕಾರಿ ಬೇರೆ ಇಲ್ಲ. ಚೀಟಿಯನ್ನು ಕೀಬೋರ್ಡಿನ ಎಡಕ್ಕೆ ಇಟ್ಟುಕೊಳ್ಳಿ. ಎಡಗೈ ಟ್ಯಾಬ್ ಮೇಲೆ, ಬಲಗೈ ಬಲಬದಿಯ ಅಂಕಿಗಳ ಮೇಲೆ. ರೈತರ ಹೆಸರು ಬರೆದು ಟ್ಯಾಬ್, ಬಾಕ್ಸ್ 42 ಟ್ಯಾಬ್, ದರ 350 ಎಂಟರ್. ಟ್ಯಾಬ್ ಒತ್ತುತ್ತಾ ಬಂದು ಕೊನೆಗೆ ಎಂಟರ್ ಒತ್ತಿದರೆ, ನೀವು ಎಲ್ಲಿಂದ ಹೊರಟಿದ್ದಿರೋ ಆ ಕಾಲಂಗೇ, ಅದರ ಮುಂದಿನ ಸಾಲಿಗೆ ಎಕ್ಸೆಲ್ ನಿಮ್ಮನ್ನು ಒಯ್ಯುತ್ತದೆ. ನಡುವೆ ಬಾಣದ ಕೀಲಿಯನ್ನೋ ಮೌಸನ್ನೋ ಮುಟ್ಟಿದರೆ ಈ ಓಟ ಕಡಿಯುತ್ತದೆ. ಒಂದು ವಾರ ಇಷ್ಟೇ ಮಾಡಿ, ಬೇರೇನೂ ಬೇಡ.

ಎರಡನೆಯ ವಾರಕ್ಕೆ ದಿನಾಂಕ. ಕಂಟ್ರೋಲ್ ಹಿಡಿದು ಸೆಮಿಕೋಲನ್ ಒತ್ತಿದರೆ ಇವತ್ತಿನ ದಿನಾಂಕ ಬೀಳುತ್ತದೆ, ಬಿದ್ದದ್ದು ಮತ್ತೆ ಬದಲಾಗುವುದಿಲ್ಲ. ಕೆಲವರು ಇದಕ್ಕೆ ಟುಡೇ ಸೂತ್ರ ಹಾಕುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಅದು ಅಪಾಯ: ನಾಳೆ ಫೈಲ್ ತೆರೆದಾಗ ಇವತ್ತಿನ ಮಾರಾಟವೆಲ್ಲ ನಾಳೆಯ ದಿನಾಂಕ ತೋರಿಸುತ್ತದೆ.

ಆಮೇಲಿನವು ಒಂದೊಂದಾಗಿ ಬರಲಿ. ಮೇಲಿನ ಸೆಲ್‌ನಲ್ಲಿರುವ ದರವೇ ಕೆಳಗೂ ಬೇಕಿದ್ದರೆ ಕಂಟ್ರೋಲ್ ಡಿ. ಬರೆದದ್ದರಲ್ಲಿ ಒಂದು ಅಂಕಿ ತಿದ್ದಲು ಎಫ್ 2, ಪೂರ್ತಿ ಅಳಿಸಬೇಕಿಲ್ಲ. ಕಾಲಂನ ಕೆಳಗೆ ನಿಂತು ಆಲ್ಟ್ ಜೊತೆ ಸಮಚಿಹ್ನೆ ಒತ್ತಿ ಎಂಟರ್ ಕೊಟ್ಟರೆ ಮೊತ್ತ ಸಿದ್ಧ. ಕಂಟ್ರೋಲ್ ಜೊತೆ ಕೆಳಬಾಣ ಒತ್ತಿದರೆ ಕೊನೆಯ ಸಾಲಿಗೆ ನೆಗೆಯುತ್ತೀರಿ. ಮಧ್ಯದಲ್ಲೇ ಎಲ್ಲಾದರೂ ನಿಂತರೆ ಅಲ್ಲಿ ಖಾಲಿ ಸೆಲ್ ಇದೆ, ಅಂದರೆ ಯಾರದ್ದೋ ದರ ಬರೆಯುವುದು ಬಿಟ್ಟುಹೋಗಿದೆ. ದಿನದ ಕೊನೆಗೆ ಒಮ್ಮೆ ಹೀಗೆ ನೆಗೆದು ನೋಡುವುದು ಒಳ್ಳೆಯ ತಪಾಸಣೆ. ಕಂಟ್ರೋಲ್ ಎಸ್ ಅನ್ನು ಮಾತ್ರ ಪ್ರತಿ ಚೀಟಿ ಮುಗಿದಾಗಲೂ ಒತ್ತಿ. ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ.

ತಪ್ಪನ್ನು ಹಿಂತೆಗೆಯುವುದು, ಕತ್ತರಿಸುವುದು, ನಕಲು ಮಾಡುವುದು, ಅಂಟಿಸುವುದು ನಿಮಗೆ ಗೊತ್ತೇ ಇರುತ್ತದೆ: ಕಂಟ್ರೋಲ್ ಜೊತೆ ಝಡ್, ಎಕ್ಸ್, ಸಿ, ವಿ. ನಾಲ್ಕೂ ಕೀಲಿಗಳು ಕೆಳಸಾಲಿನಲ್ಲಿ ಒಂದರ ಪಕ್ಕ ಒಂದು ಇವೆ, ಎಡಗೈಯೊಂದೇ ಸಾಕು. ಕತ್ತರಿಸಿ ಅಂಟಿಸುವ ಈ ವಿಧಾನವನ್ನು 1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದವರು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್. ಟೆಸ್ಲರ್ 2020ರಲ್ಲಿ ತೀರಿಕೊಂಡರು. ಲೆಕ್ಕ ಬರೆಯುವ ನಾವೆಲ್ಲ ಅವರಿಗೆ ಋಣಿಗಳು.

ಎಕ್ಸೆಲ್‌ನ ಹೊರಗೆ ಎರಡನ್ನು ಖಂಡಿತ ರೂಢಿಸಿಕೊಳ್ಳಿ. ವ್ಯಾಪಾರಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಲಾರಿ ನಂಬರ್ ನೋಡಿ ಲೆಕ್ಕಕ್ಕೆ ಮರಳಲು ಆಲ್ಟ್ ಟ್ಯಾಬ್. ಸೀಟು ಬಿಟ್ಟು ಏಳುವಾಗ ವಿಂಡೋಸ್ ಕೀಲಿಯ ಜೊತೆ ಎಲ್, ಪರದೆಗೆ ಬೀಗ ಬೀಳುತ್ತದೆ. ಮೇಜಿನ ಸುತ್ತ ಹತ್ತು ಜನ ನಿಂತಿರುವ ಜಾಗದಲ್ಲಿ ಒಬ್ಬ ರೈತನ ಬಾಕಿ ಇನ್ನೊಬ್ಬರ ಕಣ್ಣಿಗೆ ಬೀಳಬಾರದು.

ಹೆಸರುಗಳನ್ನು ಕನ್ನಡದಲ್ಲೇ ಬರೆಯುತ್ತೀರಾದರೆ ಇನ್ನೊಂದು ಮಾತು. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡಿದ್ದರೆ, ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿ ಕನ್ನಡ, ಇಂಗ್ಲಿಷ್ ಬದಲಿಸಿಕೊಳ್ಳಬಹುದು. ಆದರೆ ಹಳೆಯ ನುಡಿ ಫಾಂಟ್‌ನಲ್ಲಿ ಬರೆದ ಹೆಸರು ಯೂನಿಕೋಡ್‌ನಲ್ಲಿ, ಅಂದರೆ ಈ ಕೀಲಿಮಣೆ ಬಳಸುವ ಈಗಿನ ಅಕ್ಷರ ಸಂಕೇತದಲ್ಲಿ, ಬರೆದ ಹೆಸರಿಗೆ ಹೊಂದುವುದಿಲ್ಲ. ಕಣ್ಣಿಗೆ ಎರಡೂ ‘ನಾರಾಯಣಪ್ಪ’ ಎಂದೇ ಕಂಡರೂ ಕಂಟ್ರೋಲ್ ಎಫ್ ಒತ್ತಿ ಹುಡುಕಿದರೆ ಒಂದೇ ಸಿಗುತ್ತದೆ. ಹಳೆಯ ಫೈಲ್‌ನ ಹೆಸರುಗಳನ್ನು ನುಡಿ ತಂತ್ರಾಂಶದಲ್ಲಿರುವ ಪರಿವರ್ತಕದಿಂದ ಒಮ್ಮೆ ಯೂನಿಕೋಡ್‌ಗೆ ತಂದುಕೊಳ್ಳಿ, ಆಮೇಲೆ ಹುಡುಕಿದರೆ ಆ ರೈತನ ಲೆಕ್ಕವೆಲ್ಲ ಸಿಗುತ್ತದೆ.