ಥೋರಿಯಂ ಸುರಕ್ಷಿತವೇ? ಮೊದಲು ರಿಯಾಕ್ಟರ್ ಯಾವುದು ಹೇಳಿ

ಥೋರಿಯಂ ತಾನಾಗಿ ಉರಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅಣು ವಿದ್ಯುತ್ ಬಗ್ಗೆ ಯಾವ ಕಾಲೇಜಿನಲ್ಲಿ ಮಾತಾಡಿದರೂ ಕೊನೆಗೆ ಒಬ್ಬರು ಎದ್ದು ನಿಂತು ಇದೇ ಪ್ರಶ್ನೆ ಕೇಳುತ್ತಾರೆ. "ಸಾರ್, ನಮ್ಮಲ್ಲಿ ಅಷ್ಟೊಂದು ಥೋರಿಯಂ ಇದೆಯಂತೆ. ಅದು ಕರಗಲ್ಲ, ಸಿಡಿಯಲ್ಲ, ಕಸನೂ ಕಮ್ಮಿಯಂತೆ. ಮತ್ತೆ ಯಾಕೆ ಹೊರಗಿನಿಂದ ಯುರೇನಿಯಂ ತರಿಸ್ತೀರಿ?"

ನನ್ನ ಕೆಲಸ ಭಾರಜಲ (ಹೆವಿ ವಾಟರ್) ರಿಯಾಕ್ಟರ್‌ಗಳ ಕೋರ್, ಅಂದರೆ ಇಂಧನ ಉರಿಯುವ ಒಡಲಿನ ಲೆಕ್ಕ. ಇಂಧನ ತುಂಬುವ ಯಾವ ಕೊಳವೆಯಲ್ಲಿ (ಚಾನೆಲ್) ಎಷ್ಟು ಶಾಖ, ಯಾವ ಇಂಧನದ ಕಟ್ಟು (ಬಂಡಲ್) ಯಾವಾಗ ಹೊರಗೆ ಬರಬೇಕು, ಇಂಥವು. ಅಲ್ಲಿ ನಿಂತು ನೋಡಿದರೆ ಆ ಪ್ರಶ್ನೆಯಲ್ಲಿ ಅರ್ಧ ನಿಜ ಇದೆ. ಇನ್ನರ್ಧ ವಾಟ್ಸ್ಆ್ಯಪ್‌ನಲ್ಲಿ ಸೇರಿಕೊಂಡದ್ದು.

ಒಂದು ಪರಮಾಣು ಒಡೆದು ಶಾಖ ಕೊಡಬೇಕು, ಜೊತೆಗೆ ಎರಡು ಮೂರು ನ್ಯೂಟ್ರಾನ್ ಬಿಡಬೇಕು. ಆಗ ಮಾತ್ರ ಸರಪಳಿ ಮುಂದುವರಿಯುತ್ತದೆ. ಗಣಿಯಿಂದ ತೆಗೆಯುವ ವಸ್ತುಗಳಲ್ಲಿ ಈ ಕೆಲಸಕ್ಕೆ ಒದಗುವುದು ಒಂದೇ, ಯುರೇನಿಯಂ 235. ಅದೂ ನೆಲದಿಂದ ಬಂದ ಯುರೇನಿಯಂನಲ್ಲಿ ನೂರಕ್ಕೆ 0.7ರಷ್ಟು ಮಾತ್ರ. ಥೋರಿಯಂ 232ಕ್ಕೆ ನಿಧಾನದ ನ್ಯೂಟ್ರಾನ್ ಬಡಿದರೆ ಅದು ಒಡೆಯುವುದಿಲ್ಲ, ನ್ಯೂಟ್ರಾನನ್ನು ನುಂಗಿ ಥೋರಿಯಂ 233 ಆಗುತ್ತದೆ. ಅದರ ಅರ್ಧಾಯು, ಅಂದರೆ ಅರ್ಧದಷ್ಟು ಬೇರೆ ಧಾತುವಾಗಲು ಬೇಕಾದ ಸಮಯ, ಸುಮಾರು 22 ನಿಮಿಷ. ಆಮೇಲೆ ಪ್ರೊಟ್ಯಾಕ್ಟಿನಿಯಂ 233, ಅರ್ಧಾಯು 27 ದಿನ. ಅದೂ ಕಳೆದ ಮೇಲೆ ಸಿಗುವುದು ಯುರೇನಿಯಂ 233. ಉರಿಯುವುದು ಇದು. ಥೋರಿಯಂ ಅಂದರೆ ಹಸಿ ಸೌದೆ ಇದ್ದ ಹಾಗೆ. ಉರಿಯುವ ಒಲೆ ಪಕ್ಕದಲ್ಲಿ ಇಟ್ಟು ಒಣಗಿಸಿದ ಮೇಲೆ ಅದೂ ಚೆನ್ನಾಗಿ ಉರಿಯುತ್ತದೆ. ಆದರೆ ಮೊದಲು ಒಲೆ ಹೊತ್ತಿರಬೇಕು, ಅದಕ್ಕೆ ಒಣ ಸೌದೆ ಬೇಕು. ಆ ಒಣ ಸೌದೆ ಯುರೇನಿಯಂ 235 ಅಥವಾ ಪ್ಲುಟೋನಿಯಂ.

ಹಸಿ ಸೌದೆ ನಮ್ಮಲ್ಲಿ ಬೇಕಾದಷ್ಟಿದೆ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರ, ಈ ಕರಾವಳಿಗಳ ಮರಳಿನಲ್ಲಿ ಮೊನಜೈಟ್ ಎಂಬ ಖನಿಜ ಇದೆ. ಅದರಲ್ಲಿ ನೂರಕ್ಕೆ ಎಂಟು ಹತ್ತು ಭಾಗ ಥೋರಿಯಂ ಆಕ್ಸೈಡ್. ಇದನ್ನು 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನ ತಜ್ಞ ಗುರುತಿಸಿದ್ದು ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ. ಆಗ ಥೋರಿಯಂ ಬೇಕಾಗಿದ್ದದ್ದು ವಿದ್ಯುತ್ತಿಗಲ್ಲ, ಗ್ಯಾಸ್‌ಲೈಟಿನ ಮ್ಯಾಂಟಲ್‌ಗೆ. ನಮ್ಮ ಕರಾವಳಿಯಲ್ಲಿ ಯಕ್ಷಗಾನದ ರಂಗಸ್ಥಳ ಬೆಳಗಿದ ಗ್ಯಾಸ್‌ಲೈಟುಗಳಲ್ಲಿ ಬಿಳಿಯಾಗಿ ಹೊಳೆಯುತ್ತಿದ್ದ ಆ ಬಲೆ ಬಹುಪಾಲು ಥೋರಿಯಂ ಆಕ್ಸೈಡೇ. ಸಾವಿರ ಡಿಗ್ರಿ ದಾಟಿದ ಜ್ವಾಲೆಯಲ್ಲಿ ರಾತ್ರಿಯಿಡೀ ಇದ್ದರೂ ಅದು ಕರಗುತ್ತಿರಲಿಲ್ಲ. ಆ ಗುಣದ ಮಾತು ಮುಂದೆ ಬರುತ್ತದೆ.

ಥೋರಿಯಂ ಕರ್ನಾಟಕದಲ್ಲಿ ರಿಯಾಕ್ಟರ್ ಒಳಗೂ ಹೋಗಿದೆ ಎಂಬುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಉತ್ತರ ಕನ್ನಡದ ಕೈಗಾದ ಮೊದಲ ಎರಡು ಘಟಕಗಳು ಶುರುವಾದಾಗ ಕೋರ್‌ನಲ್ಲಿ ಕೆಲವು ಥೋರಿಯಂ ಬಂಡಲ್‌ಗಳಿದ್ದವು. ಅದಕ್ಕೂ ಮೊದಲು ಗುಜರಾತಿನ ಕಾಕ್ರಾಪಾರದಲ್ಲಿ ಹೀಗೆ ಮಾಡಿದ್ದರು. ಕಾರಣ ಸ್ವಾರಸ್ಯವಾಗಿದೆ. 220 ಮೆಗಾವ್ಯಾಟಿನ ಇಂಥ ರಿಯಾಕ್ಟರ್‌ನಲ್ಲಿ 306 ಚಾನೆಲ್, ಒಂದೊಂದರಲ್ಲಿ 12 ಬಂಡಲ್. ಒಂದು ಬಂಡಲ್ ಅರ್ಧ ಮೀಟರ್ ಉದ್ದ, 19 ಕಡ್ಡಿಗಳ ಕಟ್ಟು. ವರ್ಷಗಟ್ಟಲೆ ಓಡಿದ ರಿಯಾಕ್ಟರ್‌ನಲ್ಲಿ ಹಳೆಯ, ಹೊಸ, ಅರೆ ಉರಿದ ಬಂಡಲ್‌ಗಳು ಬೆರೆತಿರುತ್ತವೆ. ಶಾಖ ಹಂಚಿಹೋಗುತ್ತದೆ. ಹೊಸ ರಿಯಾಕ್ಟರ್‌ನಲ್ಲಿ ಎಲ್ಲವೂ ಹೊಸದು. ಆಗ ನಡುಭಾಗ ತೀರಾ ಕಾಯುತ್ತದೆ, ಅಂಚು ತಣ್ಣಗಿರುತ್ತದೆ. ನಡುವಿನ ಮಿತಿ ಮೀರಬಾರದೆಂದರೆ ಇಡೀ ರಿಯಾಕ್ಟರ್ ಅರ್ಧಂಬರ್ಧ ಶಕ್ತಿಯಲ್ಲಿ ಓಡಬೇಕು. ಹಾಗಾಗಿ ನಡುವೆ ಅಲ್ಲಲ್ಲಿ ನ್ಯೂಟ್ರಾನ್ ನುಂಗುವ ಏನನ್ನಾದರೂ ಇಡಬೇಕು. ಥೋರಿಯಂ ಯುರೇನಿಯಂ 238ಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ನ್ಯೂಟ್ರಾನ್ ನುಂಗುತ್ತದೆ. ಸರಿಯಾದ ಜಾಗದಲ್ಲಿ ಇಟ್ಟರೆ ಉರಿ ಸಮವಾಗುತ್ತದೆ, ಸುಮ್ನೆ ಕೂತಿದ್ದಕ್ಕೆ ಸ್ವಲ್ಪ ಯುರೇನಿಯಂ 233 ಕೂಡ ಸಿಗುತ್ತದೆ. ಎಲ್ಲಿ ಇಡಬೇಕು ಎಂಬ ಲೆಕ್ಕ ಮಾತ್ರ ತಲೆ ತಿನ್ನುತ್ತದೆ. ರಿಯಾಕ್ಟರ್ ನಿಲ್ಲಿಸುವ ಶಟ್‌ಡೌನ್ ರಾಡ್‌ಗಳ ಬಲ ಕಮ್ಮಿಯಾಗುವ ಜಾಗದಲ್ಲಿ ಒಂದು ಬಂಡಲ್ ಬಿದ್ದರೂ ಲೆಕ್ಕವನ್ನು ಮತ್ತೆ ಮೊದಲಿಂದ ಮಾಡಬೇಕು.

ಈಗ ಸುರಕ್ಷತೆ.

ಥೋರಿಯಂ ಆಕ್ಸೈಡ್ ಕರಗುವುದು 3,300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಯುರೇನಿಯಂ ಆಕ್ಸೈಡ್ 2,800ರ ಆಸುಪಾಸಿನಲ್ಲೇ ಕರಗುತ್ತದೆ. ಥೋರಿಯಂ ಆಕ್ಸೈಡ್ ಶಾಖವನ್ನು ಚೆನ್ನಾಗಿ ಹರಿಯಬಿಡುತ್ತದೆ. ಯುರೇನಿಯಂ ಆಕ್ಸೈಡ್‌ನಂತೆ ಇನ್ನಷ್ಟು ಆಮ್ಲಜನಕ ಹಿಡಿದು ಉಬ್ಬಿ ಪುಡಿಯಾಗುವುದಿಲ್ಲ. ಒಳಗೆ ಹುಟ್ಟಿದ ವಿಕಿರಣಶೀಲ ಅನಿಲವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಇಂಧನವಾಗಿ ಇದು ಗಟ್ಟಿ ವಸ್ತು, ಅನುಮಾನವೇ ಬೇಡ.

ಆದರೆ ರಿಯಾಕ್ಟರ್ ಅಪಘಾತಕ್ಕೆ ಈಡಾಗುವುದು ಸಾಮಾನ್ಯವಾಗಿ ಇಂಧನದ ತಪ್ಪಿನಿಂದಲ್ಲ. ರಿಯಾಕ್ಟರ್ ನಿಲ್ಲಿಸಿದ ಮೇಲೂ ಶಾಖ ಬರುತ್ತಲೇ ಇರುತ್ತದೆ. ನಾವು ಡಿಕೇ ಹೀಟ್ ಅನ್ನುತ್ತೇವೆ. ಕೈಗಾದಂಥ ಒಂದು ಘಟಕ ಪೂರ್ಣ ಶಕ್ತಿಯಲ್ಲಿದ್ದಾಗ ಸುಮಾರು 750 ಮೆಗಾವ್ಯಾಟ್ ಶಾಖ ಕೊಡುತ್ತದೆ. ಸ್ವಿಚ್ ಆಫ್ ಆದ ಕ್ಷಣದಲ್ಲಿ ಅದರ ನೂರಕ್ಕೆ ಆರು ಭಾಗ, ಅಂದರೆ 45 ಮೆಗಾವ್ಯಾಟ್ ಇನ್ನೂ ಉಳಿದಿರುತ್ತದೆ. ಒಂದು ದಿನ ಕಳೆದರೂ ಮೂರು ನಾಲ್ಕು ಮೆಗಾವ್ಯಾಟ್. ಇದನ್ನು ಹೊರಗೆ ಹಾಕಲೇಬೇಕು. ಈ ಶಾಖ ಬರುವುದು ಒಡೆದ ಪರಮಾಣುಗಳ ಚೂರುಗಳಿಂದ. ಒಡೆದದ್ದು ಯುರೇನಿಯಂ 235 ಆದರೇನು, 233 ಆದರೇನು, ಚೂರುಗಳು ಹೆಚ್ಚುಕಮ್ಮಿ ಅವೇ.

2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ರಿಯಾಕ್ಟರ್‌ಗಳು ಭೂಕಂಪಕ್ಕೆ ಸರಿಯಾಗಿಯೇ ನಿಂತಿದ್ದವು. ಸುನಾಮಿ ಬಂದು ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿತು, ಪಂಪ್ ನಿಂತಿತು, ಡಿಕೇ ಹೀಟ್ ಒಳಗೇ ಉಳಿಯಿತು. ಕಡ್ಡಿಗಳ ಜಿರ್ಕೋನಿಯಂ ಕವಚ ಆವಿಯ ಜೊತೆ ಸೇರಿ ಹೈಡ್ರೋಜನ್ ಹುಟ್ಟಿಸಿತು. ಸಿಡಿದದ್ದು ಆ ಹೈಡ್ರೋಜನ್. ಆ ಕಡ್ಡಿಗಳಲ್ಲಿ ಥೋರಿಯಂ ತುಂಬಿದ್ದರೂ ಕವಚ ಅದೇ ಜಿರ್ಕೋನಿಯಂ, ಪಂಪ್ ಅದೇ ಪಂಪ್, ಕಡಲೂ ಅದೇ.

ಇದಕ್ಕೆ ಎದುರಾಗಿ ನರೋರಾ ನೋಡಿ. 1993ರ ಮಾರ್ಚ್ 31, ಉತ್ತರ ಪ್ರದೇಶ. ಟರ್ಬೈನ್ ಬ್ಲೇಡ್ ಮುರಿದು ಬೆಂಕಿ ಹೊತ್ತಿತು. ಬೆಂಕಿ ಕೇಬಲ್‌ಗಳ ಗುಂಟ ಹರಡಿ ಸ್ಥಾವರದ ವಿದ್ಯುತ್ತೆಲ್ಲ ಹೋಯಿತು. ಹದಿನೇಳು ಗಂಟೆ ಕರೆಂಟಿಲ್ಲ. ರಿಯಾಕ್ಟರ್ ಆಗಲೇ ನಿಂತಿತ್ತು. ಆದರೂ ಸಿಬ್ಬಂದಿ ಕತ್ತಲಲ್ಲಿ ಟಾರ್ಚ್ ಹಿಡಿದು ಹತ್ತಿ, ವಾಲ್ವ್‌ಗಳನ್ನು ಕೈಯಲ್ಲೇ ತಿರುಗಿಸಿ ನ್ಯೂಟ್ರಾನ್ ನುಂಗುವ ಬೋರಾನ್ ದ್ರಾವಣ ಬಿಟ್ಟರು. ಡೀಸೆಲ್‌ನಿಂದ ಓಡುವ ಬೆಂಕಿ ಆರಿಸುವ ಪಂಪ್‌ನಿಂದ ಸ್ಟೀಮ್ ಜನರೇಟರ್‌ಗೆ ನೀರು ಹಾಯಿಸಿದರು. ಕೋರ್‌ನಲ್ಲಿ ಬಿಸಿಯಾದ ಭಾರಜಲ ತಾನಾಗಿ ಮೇಲೇರಿ, ಸ್ಟೀಮ್ ಜನರೇಟರ್‌ನಲ್ಲಿ ತಣಿದು, ಮತ್ತೆ ಕೆಳಗಿಳಿಯುತ್ತಿತ್ತು. ಪಂಪ್ ಇಲ್ಲದೆಯೂ ಇದು ನಡೆಯುವಂತೆ ಸ್ಟೀಮ್ ಜನರೇಟರ್‌ಗಳನ್ನು ಕೋರ್‌ಗಿಂತ ಎತ್ತರದಲ್ಲಿ ಕಟ್ಟಿದ್ದರು. ಇಂಧನ ಹಾಳಾಗಲಿಲ್ಲ, ವಿಕಿರಣ ಹೊರಗೆ ಬರಲಿಲ್ಲ. ಒಳಗಿದ್ದದ್ದು ಮಾಮೂಲಿ ಯುರೇನಿಯಂ. ನನ್ನನ್ನು ಕೇಳಿದರೆ ಸುರಕ್ಷತೆ ಕೂತಿರುವುದು ಇಲ್ಲಿ, ಕೊಳವೆ ಯಾವ ಎತ್ತರದಲ್ಲಿದೆ ಎಂಬುದರಲ್ಲಿ.

ಥೋರಿಯಂ ಕಡೆಯಿಂದ ಬರುವ ಎರಡು ತೊಡಕುಗಳನ್ನೂ ಹೇಳಬೇಕು. ಪರಮಾಣು ಒಡೆದಾಗ ಬರುವ ನ್ಯೂಟ್ರಾನ್‌ಗಳಲ್ಲಿ ಸ್ವಲ್ಪ ಭಾಗ ತಡವಾಗಿ, ಸೆಕೆಂಡುಗಳ ನಂತರ ಬರುತ್ತವೆ. ನಾವು ರಿಯಾಕ್ಟರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದೇ ಈ ತಡವಾದ ನ್ಯೂಟ್ರಾನ್‌ಗಳ ಕೃಪೆಯಿಂದ. ಯುರೇನಿಯಂ 235ರಲ್ಲಿ ಇವು ಸಾವಿರಕ್ಕೆ ಆರೂವರೆ. ಯುರೇನಿಯಂ 233ರಲ್ಲಿ ಮೂರಕ್ಕೂ ಕಮ್ಮಿ. ಅಂದರೆ ಕಂಟ್ರೋಲ್ ಇನ್ನೂ ಚುರುಕಾಗಿರಬೇಕು. ಎರಡನೆಯದು ಪ್ರೊಟ್ಯಾಕ್ಟಿನಿಯಂ. ರಿಯಾಕ್ಟರ್ ನಿಲ್ಲಿಸಿದ ಮೇಲೂ ಅದು ವಾರಗಟ್ಟಲೆ ಯುರೇನಿಯಂ 233 ಆಗುತ್ತಾ ಹೋಗುತ್ತದೆ. ನಿಂತ ರಿಯಾಕ್ಟರ್‌ನೊಳಗೆ ಒಡೆಯುವ ಇಂಧನ ಬೆಳೆಯುತ್ತಿರುತ್ತದೆ! ನಿಲ್ಲಿಸುವ ರಾಡ್‌ಗಳಿಗೆ ಅಷ್ಟು ಬಲ ಮೊದಲೇ ಇಟ್ಟಿರಬೇಕು. ಬಗೆಹರಿಯದ ಸಮಸ್ಯೆಗಳೇನಲ್ಲ ಇವು. ಆದರೆ "ಥೋರಿಯಂ ಆದರೆ ಚಿಂತೆಯಿಲ್ಲ" ಅನ್ನುವ ವಿಡಿಯೋಗಳಲ್ಲಿ ಇವನ್ನು ಹೇಳುವುದಿಲ್ಲ.

ಆ ವಿಡಿಯೋಗಳಲ್ಲಿ ಬರುವುದು ಕರಗಿದ ಉಪ್ಪಿನ ರಿಯಾಕ್ಟರ್. ಇಂಧನವನ್ನು ಫ್ಲೋರೈಡ್ ಉಪ್ಪಿನಲ್ಲಿ ಕರಗಿಸಿ ದ್ರವವಾಗಿಯೇ ಓಡಿಸುತ್ತಾರೆ. ಕೆಳಗಿನ ಕೊಳವೆಯೊಂದರಲ್ಲಿ ಉಪ್ಪನ್ನು ತಣ್ಣನೆ ಗಾಳಿ ಊದಿ ಹೆಪ್ಪುಗಟ್ಟಿಸಿರುತ್ತಾರೆ. ಕರೆಂಟ್ ಹೋದರೆ ಗಾಳಿ ನಿಲ್ಲುತ್ತದೆ, ಹೆಪ್ಪು ಕರಗುತ್ತದೆ, ಇಂಧನವೆಲ್ಲ ಕೆಳಗಿನ ತೊಟ್ಟಿಗೆ ಇಳಿದು ತಣಿಯುತ್ತದೆ. ಜಾಣ ಉಪಾಯ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ ಆಲ್ವಿನ್ ವೈನ್‌ಬರ್ಗ್ ನಿರ್ದೇಶಕರಾಗಿದ್ದ ಕಾಲದಲ್ಲಿ ಇಂಥದ್ದೊಂದು ಪ್ರಯೋಗದ ರಿಯಾಕ್ಟರ್ 1965ರಿಂದ 1969ರವರೆಗೆ ಓಡಿತು, ಕೊನೆಗೆ ಯುರೇನಿಯಂ 233ರಿಂದಲೂ ಓಡಿತು. ಆದರೆ ಈ ಉಪಾಯ ಉಪ್ಪಿನದು, ಥೋರಿಯಂದಲ್ಲ. ಬರೀ ಯುರೇನಿಯಂ ಹಾಕಿದರೂ ಅದು ಹಾಗೆಯೇ ಕೆಲಸ ಮಾಡುತ್ತದೆ. ಇನ್ನೊಂದು ಮಾತು: ರಿಯಾಕ್ಟರ್ ಮುಚ್ಚಿದ ಮೇಲೆ ಆ ಉಪ್ಪನ್ನು ಹೆಪ್ಪುಗಟ್ಟಿಸಿ ತೊಟ್ಟಿಯಲ್ಲೇ ಬಿಟ್ಟಿದ್ದರು. 1994ರಲ್ಲಿ ನೋಡಿದರೆ ವಿಕಿರಣದಿಂದ ಫ್ಲೋರಿನ್ ಬಿಡುಗಡೆಯಾಗಿ, ಯುರೇನಿಯಂ ಅನಿಲರೂಪ ತಾಳಿ ಕೊಳವೆಗಳ ಗುಂಟ ಬೇರೆಡೆಗೆ ಸಾಗಿತ್ತು. ನಾಲ್ಕು ವರ್ಷ ಓಡಿದ ಪುಟ್ಟ ರಿಯಾಕ್ಟರ್, ಅದನ್ನು ತೊಳೆಯಲು ವರ್ಷಾನುಗಟ್ಟಲೆ ಕೆಲಸ.

ಕಸದ ವಿಷಯ ಬೇಗ ಮುಗಿಸುತ್ತೇನೆ. ಪ್ಲುಟೋನಿಯಂ, ಅಮೆರಿಸಿಯಂನಂಥ ದೀರ್ಘಾಯುಷ್ಯದ ಭಾರ ಧಾತುಗಳು ಥೋರಿಯಂನಲ್ಲಿ ತುಂಬಾ ಕಮ್ಮಿ. ಇದು ನಿಜವಾದ ಲಾಭ. ಸೀಸಿಯಂ, ಸ್ಟ್ರಾನ್ಷಿಯಂ ಮಾತ್ರ ಅಷ್ಟೇ ಇರುತ್ತವೆ. ಪ್ರೊಟ್ಯಾಕ್ಟಿನಿಯಂ 231 ಎಂಬ ಹೊಸ ಅತಿಥಿಯೂ ಸೇರುತ್ತದೆ, ಅರ್ಧಾಯು 32,000 ವರ್ಷಕ್ಕೂ ಹೆಚ್ಚು.

ಕಷ್ಟ ಇರುವುದು ಉರಿದ ಥೋರಿಯಂನಿಂದ ಯುರೇನಿಯಂ 233 ಬೇರ್ಪಡಿಸುವಾಗ. ಅದರ ಜೊತೆ ಯುರೇನಿಯಂ 232 ಕೊಂಚ ಸೇರಿರುತ್ತದೆ, ರಾಸಾಯನಿಕವಾಗಿ ಬಿಡಿಸಲು ಆಗುವುದಿಲ್ಲ. ಅದರ ಮರಿಮಕ್ಕಳಲ್ಲಿ ಒಂದಾದ ಥ್ಯಾಲಿಯಂ 208 ಭಾರೀ ಚೂಪಾದ ಗಾಮಾ ಕಿರಣ ಬಿಡುತ್ತದೆ. ಹೊಸ ಯುರೇನಿಯಂ ಬಂಡಲನ್ನು ಕೈಗವಸು ಹಾಕಿ ಎತ್ತಬಹುದು. ಯುರೇನಿಯಂ 233ರ ಇಂಧನ ತಯಾರಾದ ಕೆಲವು ತಿಂಗಳಲ್ಲೇ ದಪ್ಪ ಗೋಡೆಯ ಹಾಟ್ ಸೆಲ್ ಒಳಗೆ, ಯಂತ್ರದ ಕೈಗಳಿಂದಲೇ ಕೆಲಸ. ಮ್ಯಾಂಟಲ್ ಉಳಿಸಿದ ಆ ಹಟವೇ ಇಲ್ಲಿ ಅಡ್ಡ ಬರುತ್ತದೆ. ಥೋರಿಯಂ ಆಕ್ಸೈಡ್ ನೈಟ್ರಿಕ್ ಆಮ್ಲದಲ್ಲಿ ಸುಲಭವಾಗಿ ಕರಗದು, ಸ್ವಲ್ಪ ಹೈಡ್ರೋಫ್ಲೋರಿಕ್ ಆಮ್ಲ ಸೇರಿಸಬೇಕು, ಅದು ಪಾತ್ರೆಯನ್ನೇ ತಿನ್ನುತ್ತದೆ. ಈ ಗಾಮಾ ಕಿರಣದಿಂದಾಗಿ ಬಾಂಬ್ ಮಾಡಲು ಆಗುವುದಿಲ್ಲ ಎಂಬ ಮಾತಿದೆ. ಕಷ್ಟ ನಿಜ, ಆಗುವುದೇ ಇಲ್ಲ ಅನ್ನುವುದು ಸುಳ್ಳು. 1955ರಲ್ಲಿ ಅಮೆರಿಕ ಯುರೇನಿಯಂ 233 ಇದ್ದ ಬಾಂಬ್ ಪರೀಕ್ಷಿಸಿದೆ.

ಹಾಗಾದರೆ ಭಾರತ ಥೋರಿಯಂ ಹಿಂದೆ ಬಿದ್ದದ್ದು ಯಾಕೆ? ಹೋಮಿ ಭಾಭಾ 1950ರ ದಶಕದಲ್ಲಿ ಮೂರು ಹಂತದ ಯೋಜನೆ ಹಾಕಿದ್ದು ಸುರಕ್ಷತೆಗಾಗಿ ಅಲ್ಲ. ನಮ್ಮಲ್ಲಿ ಯುರೇನಿಯಂ ಕಮ್ಮಿ, ಇದ್ದದ್ದೂ ಹೆಚ್ಚಿನಂಶ ಕಳಪೆ ಅದಿರು. ನಮ್ಮ ಯಾದಗಿರಿಯ ಗೋಗಿಯಲ್ಲಿ ಒಂದಿಷ್ಟು ಸಿಕ್ಕಿದೆ ನಿಜ, ಅದರಿಂದ ದೇಶದ ಲೆಕ್ಕ ಬದಲಾಗದು. ಹಾಗಾಗಿ ಮೊದಲು ಭಾರಜಲ ರಿಯಾಕ್ಟರ್‌ನಲ್ಲಿ ಯುರೇನಿಯಂ ಉರಿಸಿ ಪ್ಲುಟೋನಿಯಂ ಪಡೆಯುವುದು. ಅದನ್ನು ಫಾಸ್ಟ್ ಬ್ರೀಡರ್‌ನಲ್ಲಿ, ಅಂದರೆ ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವ ರಿಯಾಕ್ಟರ್‌ನಲ್ಲಿ ಹಾಕಿ ಬೆಳೆಸುವುದು. ಒಣ ಸೌದೆ ಸಾಕಷ್ಟಾದ ಮೇಲೆ ಥೋರಿಯಂ. ಕಲ್ಪಾಕ್ಕಂನ ಕಾಮಿನಿ ಎಂಬ 30 ಕಿಲೋವ್ಯಾಟಿನ ಪುಟ್ಟ ರಿಯಾಕ್ಟರ್ 1996ರಿಂದ ಯುರೇನಿಯಂ 233 ಇಂಧನದಿಂದ ನಡೆದಿದೆ, ಮೂರನೇ ಹಂತದ ರುಚಿ ನೋಡಿದ್ದು ಅಷ್ಟರಲ್ಲೇ. ಎರಡನೇ ಹಂತದ ಮೊದಲ ದೊಡ್ಡ ರಿಯಾಕ್ಟರ್, ಅಲ್ಲೇ ಇರುವ 500 ಮೆಗಾವ್ಯಾಟಿನದು, 2004ರಲ್ಲಿ ಕಟ್ಟಲು ಶುರುವಾಯಿತು. ಕೋರ್ ತುಂಬಲು ಆರಂಭಿಸಿದ್ದು 2024ರಲ್ಲಿ. ಎರಡನೇ ಮೆಟ್ಟಿಲೇ ಇಷ್ಟು ತಡವಾದರೆ ಮೂರನೆಯದು ಯಾವಾಗ ಎಂದು ನೀವೇ ಊಹಿಸಿ.

ಚೀನಾ ಅಷ್ಟು ಕಾಯಲಿಲ್ಲ. ಗಾನ್ಸು ಪ್ರಾಂತ್ಯದ ವುವೇಯಲ್ಲಿ 2 ಮೆಗಾವ್ಯಾಟ್ ಶಾಖದ ಕರಗಿದ ಉಪ್ಪಿನ ಪ್ರಯೋಗದ ರಿಯಾಕ್ಟರ್ 2023ರಲ್ಲಿ ಶುರುವಾಗಿ, ಆಮೇಲೆ ಥೋರಿಯಂ ಸೇರಿಸುವವರೆಗೂ ಬಂದಿದೆ. ವಿದ್ಯುತ್ ಕೊಡುವ ಗಾತ್ರದ್ದಲ್ಲ, ಆದರೆ ಕಲಿಯುವುದಕ್ಕೆ ಸಾಕು.

ನಮ್ಮಲ್ಲಿ ಈಗ ಇನ್ನೊಂದು ದಾರಿಯ ಚರ್ಚೆ ಇದೆ. ಅನೀಲ್ ಎಂಬ ಇಂಧನ, ಅಣುಶಕ್ತಿ ಆಯೋಗದ ಮಾಜಿ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಅವರ ಹೆಸರನ್ನು ನೆನಪಿಸುವಂಥದ್ದು, ಅಮೆರಿಕದ ಕಂಪನಿಯೊಂದು ರೂಪಿಸಿದ್ದು. ಥೋರಿಯಂ ಜೊತೆ ಹೆಚ್ಚು ಸಾಂದ್ರಗೊಳಿಸಿದ, ಅಂದರೆ 235ರ ಪಾಲು ಹೆಚ್ಚಿಸಿದ ಯುರೇನಿಯಂ ಬೆರೆಸಿ ಈಗಿರುವ ಭಾರಜಲ ರಿಯಾಕ್ಟರ್‌ಗಳಲ್ಲೇ ಬಳಸುವ ಆಲೋಚನೆ. ಬಂಡಲ್ ಹಲವು ಪಟ್ಟು ಹೆಚ್ಚು ಕಾಲ ಉರಿಯುತ್ತದೆ, ಹೊರಗೆ ಬರುವ ಬಂಡಲ್‌ಗಳು ಅಷ್ಟೇ ಕಮ್ಮಿಯಾಗುತ್ತವೆ. ಕೋರ್ ಲೆಕ್ಕ ಹಾಕುವವನಿಗೆ ಇದು ಆಸೆ ಹುಟ್ಟಿಸುವ ಇಂಧನ. ಬ್ರೀಡರ್‌ಗಾಗಿ ಕಾಯಬೇಕಿಲ್ಲ, ಹೊಸ ರಿಯಾಕ್ಟರ್ ಕಟ್ಟಬೇಕಿಲ್ಲ. ಒಂದೇ ತೊಂದರೆ, ಆ ಮಟ್ಟದ ಸಾಂದ್ರ ಯುರೇನಿಯಂ ವಾಣಿಜ್ಯ ಪ್ರಮಾಣದಲ್ಲಿ ನಮ್ಮಲ್ಲಿ ತಯಾರಾಗುವುದಿಲ್ಲ, ಹೊರಗಿನಿಂದಲೇ ಬರಬೇಕು. ಭಾಭಾ ಥೋರಿಯಂ ಆರಿಸಿಕೊಂಡದ್ದು ಇಂಧನಕ್ಕೆ ಯಾರ ಬಾಗಿಲಿಗೂ ಹೋಗಬಾರದು ಎಂದು. ಅನೀಲ್ ತಂದರೆ ಮರಳು ಚವರದ್ದು, ಬೆಲೆ ಮತ್ತು ಷರತ್ತು ಮಾತ್ರ ಸಾಂದ್ರ ಯುರೇನಿಯಂ ಮಾರುವವರದ್ದು.