ಏಂಜಲ್ ಮೀನು: ಗಾತ್ರ ನೋಡಿ ಕೊಳ್ಳುವ ಮುನ್ನ

ಅಕ್ವೇರಿಯಂ ಅಂಗಡಿಗಳಲ್ಲಿ ಏಂಜಲ್ ಮೀನುಗಳನ್ನು ಸ್ಮಾಲ್, ಮೀಡಿಯಂ, ಲಾರ್ಜ್ ಎಂದು ವಿಂಗಡಿಸಿ, ಅದಕ್ಕೆ ತಕ್ಕಂತೆ ಬೆಲೆ ಹೇಳುತ್ತಾರೆ. ಚಿಕ್ಕದೆಲ್ಲ ಮರಿ, ದೊಡ್ಡದೆಲ್ಲ ಬೆಳೆದ ಮೀನು ಎಂದು ಕೊಳ್ಳುವವರು ಸಹಜವಾಗಿಯೇ ಭಾವಿಸುತ್ತಾರೆ. ಆದರೆ ಮೀನಿನ ಗಾತ್ರವನ್ನು ವಯಸ್ಸಿನ ಜೊತೆಗೆ ಅದು ಬೆಳೆದ ತೊಟ್ಟಿಯ ಸ್ಥಿತಿಗತಿಯೂ ನಿರ್ಧರಿಸುವುದರಿಂದ, ಒಂದೇ ಗಾತ್ರದ ಎರಡು ಮೀನುಗಳಲ್ಲಿ ಒಂದು ಮೂರು ತಿಂಗಳ ಚುರುಕಾದ ಮರಿಯಾಗಿದ್ದು, ಇನ್ನೊಂದು ಅದಕ್ಕಿಂತ ಬಹಳ ಹಿರಿಯದಾದ, ಬೆಳವಣಿಗೆ ಕುಂಠಿತಗೊಂಡ ಮೀನಾಗಿರಬಹುದು.

1823ರಲ್ಲಿ ಮೊದಲು ವೈಜ್ಞಾನಿಕವಾಗಿ ವಿವರಿಸಲ್ಪಟ್ಟ ಟೆರೊಫಿಲಮ್ ಸ್ಕೇಲರೆ ಎಂಬ ಈ ಜಾತಿ ದಕ್ಷಿಣ ಅಮೆರಿಕದ ಅಮೆಜಾನ್ ಜಲಾನಯನ ಪ್ರದೇಶದ್ದು; ಸಿಕ್ಲಿಡ್ ಕುಟುಂಬಕ್ಕೆ ಸೇರಿದ್ದು. ನಿಧಾನವಾಗಿ ಹರಿಯುವ ನೀರಿನಲ್ಲಿ, ಮುಳುಗಿದ ಬೇರು ಹಾಗೂ ಸಸ್ಯಗಳ ಸಂದಿಯಲ್ಲಿ ನುಸುಳಲು ಅದರ ಚಪ್ಪಟೆ ದೇಹ ಅನುಕೂಲವಾಗಿದೆ. ಮೈಮೇಲಿನ ಲಂಬ ಪಟ್ಟೆಗಳು ಅಲ್ಲಿಯ ನೆರಳಿನಲ್ಲಿ ಬೆರೆತುಹೋಗುತ್ತವೆ. ಚೆನ್ನಾಗಿ ಸಾಕಿದ ಮೀನು ಸುಮಾರು 15 ಸೆಂಟಿಮೀಟರ್ ಉದ್ದ, ಈಜುರೆಕ್ಕೆಗಳೂ ಸೇರಿ 20 ಸೆಂಟಿಮೀಟರಿಗೂ ಹೆಚ್ಚು ಎತ್ತರಕ್ಕೆ ಬೆಳೆಯುತ್ತದೆ. ನಮ್ಮಲ್ಲಿ ಮಾರಾಟಕ್ಕಿರುವ ಮಾರ್ಬಲ್, ಗೋಲ್ಡ್, ಕೋಯ್, ಬ್ಲ್ಯಾಕ್ ತಳಿಗಳು ನದಿಯಿಂದ ಹಿಡಿದು ತಂದವಲ್ಲ. ಚೆನ್ನೈನ ಕೊಳತ್ತೂರಿನಂಥ ಕಡೆಗಳಲ್ಲಿ ತೊಟ್ಟಿಗಳಲ್ಲೇ ಮರಿ ಮಾಡಿಸಿದವು.

ಕುಂಠಿತಗೊಂಡ ಮೀನನ್ನು ಗುರುತಿಸಲು ಕಣ್ಣನ್ನು ನೋಡಬೇಕು. ಮರಿಗಳು ಕಿಕ್ಕಿರಿದ ತೊಟ್ಟಿಯಲ್ಲಿದ್ದು, ನೀರು ಬದಲಾಯಿಸುವುದು ಅಪರೂಪವಾಗಿ, ಆಹಾರವೂ ಸಾಲದೆ ಹೋದಾಗ ದೇಹದ ಬೆಳವಣಿಗೆ ಹಿಂದೆ ಬೀಳುತ್ತದೆ. ಕಣ್ಣಿನ ಬೆಳವಣಿಗೆ ಅಷ್ಟಾಗಿ ಹಿಂದೆ ಬೀಳುವುದಿಲ್ಲ. ಹಾಗಾಗಿ ಅಂಥ ಮೀನಿನ ಕಣ್ಣು ಮೈಗೆ ಹೋಲಿಸಿದರೆ ದೊಡ್ಡದಾಗಿ ಕಾಣುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ: ಆರೋಗ್ಯವಂತ ಮರಿಯಲ್ಲಿಯೂ ಕಣ್ಣು ಮೈಗೆ ಹೋಲಿಸಿದರೆ ದೊಡ್ಡದೇ, ಬೆಳೆದಂತೆ ಮಾತ್ರ ಆ ಪ್ರಮಾಣ ತಗ್ಗುತ್ತದೆ. ಆದ್ದರಿಂದ ರೂಪಾಯಿ ನಾಣ್ಯದಷ್ಟು ಮೈಯಿರುವ ಮರಿಯ ಕಣ್ಣನ್ನು ಅಂಗೈಯಗಲದ ಮೀನಿನ ಕಣ್ಣಿನೊಂದಿಗೆ ಹೋಲಿಸಿ ಪ್ರಯೋಜನವಿಲ್ಲ. ಅದೇ ಗಾತ್ರದ ಐದಾರು ಮೀನುಗಳನ್ನು ಒಟ್ಟಿಗೆ ಗಮನಿಸಿ, ಅವುಗಳಲ್ಲಿ ಯಾವುದರ ಕಣ್ಣು ಎದ್ದು ಕಾಣುತ್ತದೆಯೋ ಅದನ್ನು ಬಿಡಬೇಕು. ಮುಂದೆ ಎಷ್ಟೇ ಒಳ್ಳೆಯ ಆಹಾರ ಕೊಟ್ಟರೂ ಹೀಗೆ ಹಿಂದುಳಿದ ಮೀನು ಪೂರ್ಣ ಗಾತ್ರಕ್ಕೆ ಬರುವುದು ಕಷ್ಟ.

ಪಕ್ಕದಿಂದ ನೋಡಿದರೆ ಏಂಜಲ್ ಮೀನು ಯಾವಾಗಲೂ ಅಂದವಾಗಿಯೇ ಕಾಣುವುದರಿಂದ, ಅದು ನಮ್ಮತ್ತ ಮುಖ ಮಾಡುವವರೆಗೆ ಕಾಯುವುದು ಒಳ್ಳೆಯದು. ಎದುರಿನಿಂದ ನೋಡಿದಾಗ ಹಣೆಯ ಮೇಲ್ಭಾಗ ಮಾಂಸಲವಾಗಿರಬೇಕು; ಅಲ್ಲಿ ಏಣಿನಂತೆ ತೆಳುವಾಗಿ, ಹೊಟ್ಟೆ ಒಳಕ್ಕೆ ಸೆಳೆದುಕೊಂಡಿದ್ದರೆ ಮೀನು ಬಹುದಿನಗಳಿಂದ ಸರಿಯಾಗಿ ತಿಂದಿಲ್ಲ, ಇಲ್ಲವೇ ಕರುಳಿನಲ್ಲಿ ಪರಾವಲಂಬಿಗಳಿವೆ ಎಂದು ಸಂಶಯಿಸಬಹುದು. ಬಿಳಿ ದಾರದಂಥ ಮಲ ಜೋತಾಡುತ್ತಿದ್ದರೆ ಆ ಸಂಶಯ ಇನ್ನಷ್ಟು ಬಲವಾಗುತ್ತದೆ. ಕಿವಿರಿನ ಮುಚ್ಚಳಗಳು ಎರಡೂ ಕಡೆ ಪೂರ್ತಿಯಾಗಿದ್ದು, ಒಂದೇ ಲಯದಲ್ಲಿ ಆಡುತ್ತಿರಬೇಕು. ಒಂದು ಬದಿಯ ಕಿವಿರನ್ನು ಮುಚ್ಚಿಕೊಂಡು ಇನ್ನೊಂದರಿಂದಲೇ ಉಸಿರಾಡುವ ಮೀನಿಗೆ ಕಿವಿರಿನ ಹುಳುಗಳ ಬಾಧೆ ಇರುವ ಸಾಧ್ಯತೆಯುಂಟು. ಬೆನ್ನಿನ ಈಜುರೆಕ್ಕೆ ಮಡಚಿಕೊಳ್ಳದೆ ನೆಟ್ಟಗಿರಬೇಕು. ತುದಿ ಸ್ವಲ್ಪ ಹರಿದಿದ್ದರೆ ಚಿಂತೆಯಿಲ್ಲ, ಅದು ಮತ್ತೆ ಬೆಳೆಯುತ್ತದೆ. ಕೊನೆಯದಾಗಿ ಅಂಗಡಿಯವರನ್ನು ಒಂದು ಚಿಟಿಕೆ ಆಹಾರ ಹಾಕುವಂತೆ ಕೇಳಬೇಕು. ತಿನ್ನಲು ಮುಂದೆ ಬಾರದೆ ಮೂಲೆಯಲ್ಲೇ ನಿಂತ ಮೀನನ್ನು, ಬಣ್ಣ ಎಷ್ಟೇ ಸೊಗಸಾಗಿದ್ದರೂ, ಅಲ್ಲೇ ಬಿಟ್ಟುಬರುವುದು ಲೇಸು.

ಬೇರೆ ಬೇರೆ ಗಾತ್ರದ ಮೀನುಗಳನ್ನು ಒಟ್ಟಿಗೆ ಸಾಕುವ ಆಸೆ ಹಲವರಿಗಿರುತ್ತದೆ. ತೊಟ್ಟಿ ಹಾಗೆ ಚೆನ್ನಾಗಿ ಕಾಣುವುದೂ ನಿಜ. ಆದರೆ ಸಿಕ್ಲಿಡ್‌ಗಳಲ್ಲಿ ಮೇಲು-ಕೀಳಿನ ಶ್ರೇಣಿ ಇರುತ್ತದೆ, ಅದು ಹೆಚ್ಚಾಗಿ ಗಾತ್ರವನ್ನೇ ಅವಲಂಬಿಸಿರುತ್ತದೆ. ದೊಡ್ಡದು ಆಹಾರದಿಂದ ಓಡಿಸುವುದರಿಂದ ಚಿಕ್ಕದು ಚಿಕ್ಕದಾಗಿಯೇ ಉಳಿದು, ಅಂತರ ಇನ್ನೂ ಹೆಚ್ಚುತ್ತದೆ. ಬೆಳೆದ ಮೀನುಗಳು ಜೋಡಿಯಾಗಿ ಮೊಟ್ಟೆಯಿಟ್ಟರಂತೂ ತೊಟ್ಟಿಯ ಅರ್ಧ ಭಾಗವನ್ನು ತಮ್ಮದಾಗಿಸಿಕೊಂಡು ಉಳಿದವನ್ನು ಅಟ್ಟುತ್ತವೆ. ಹೀಗಾಗಿ ಸರಿಸುಮಾರು ಒಂದೇ ಅಳತೆಯ ಐದಾರು ಮರಿಗಳನ್ನು ತಂದು ಒಟ್ಟಿಗೆ ಬೆಳೆಸುವುದೇ ನನ್ನ ಮಟ್ಟಿಗೆ ಜಾಣತನ. ಮರಿಗಳು ಗುಂಪನ್ನು ಬಯಸುತ್ತವೆ. ಎರಡು ಗುಂಪುಗಳ ಸಂಖ್ಯೆಯಲ್ಲಿ ಸಾಕಷ್ಟು ಅಂತರವಿದ್ದಾಗ ಅವು ದೊಡ್ಡ ಗುಂಪನ್ನೇ ಆರಿಸಿಕೊಳ್ಳುತ್ತವೆ ಎಂಬುದನ್ನು ಗೋಮೆಸ್-ಲಾಪ್ಲಾಸಾ ಮತ್ತು ಗೆರ್ಲೈ ಎಂಬ ವಿಜ್ಞಾನಿಗಳು 2011ರಲ್ಲಿ ತೋರಿಸಿದ್ದರು. ಭಿನ್ನ ಗಾತ್ರಗಳು ಬೇಕೇ ಬೇಕೆಂದರೆ ಚಿಕ್ಕವನ್ನು ಮೊದಲು ಬಿಟ್ಟು, ಅವು ಹೊಂದಿಕೊಂಡ ಮೇಲೆ, ಗಿಡ-ಬೇರುಗಳ ಜಾಗ ಬದಲಿಸಿ ದೊಡ್ಡವನ್ನು ಸೇರಿಸಬೇಕು. ದೊಡ್ಡ ಏಂಜಲ್‌ಗಳ ಜೊತೆ ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನುಗಳನ್ನು ಬಿಟ್ಟರೆ ಅವು ಊಟವಾಗುತ್ತವೆ ಎಂಬುದನ್ನೂ ನೆನಪಿಡಬೇಕು.

ಹೊಸ ಮೀನನ್ನು ನೇರವಾಗಿ ಮುಖ್ಯ ತೊಟ್ಟಿಗೆ ಬಿಡದೆ ಎರಡರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡಬೇಕು, ಏಕೆಂದರೆ ಬಿಳಿಚುಕ್ಕೆ ರೋಗದ ಪರಾವಲಂಬಿ ಮೈಯೊಳಗಿದ್ದರೂ ಚುಕ್ಕೆಗಳು ಕಾಣಿಸಿಕೊಳ್ಳಲು ಕೆಲವು ದಿನ ಬೇಕಾಗುತ್ತದೆ. ಆ ತೊಟ್ಟಿಯ ನೀರೂ 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಇಲ್ಲದೆ ಅದು ಸಾಧ್ಯವಿಲ್ಲ. ಈ ಅವಧಿಯಲ್ಲಿ ಮರಿಗಳಿಗೆ ದಿನಕ್ಕೆ ಮೂರ್ನಾಲ್ಕು ಬಾರಿ, ಬೆಳೆದ ಮೀನುಗಳಿಗೆ ಎರಡು ಬಾರಿ, ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಆಹಾರ ಕೊಟ್ಟರೆ ಸಾಕು.