ಆಂಕಾಶ್: ಎರಡು ಬೆಟ್ಟಸಾಲು, ನಡುವೆ ಒಂದು ಓಣಿ

ಪೆರು ದೇಶದ ನಕ್ಷೆಯಲ್ಲಿ ಲಿಮಾದಿಂದ ಕರಾವಳಿ ಹಿಡಿದು ಉತ್ತರಕ್ಕೆ ಹೋದರೆ ಆಂಕಾಶ್ ಸಿಗುತ್ತದೆ. ಇದನ್ನು ಓದುವಾಗ ಸುಮ್ನೆ ಊರಿನ ಹೆಸರು ಬಾಯಿಪಾಠ ಮಾಡಬೇಡಿ. ಮೊದಲು ಎರಡು ಬೆಟ್ಟಸಾಲು ಬರೆದುಕೊಳ್ಳಿ.

ಎರಡೂ ಹೆಚ್ಚುಕಡಿಮೆ ಸಮುದ್ರದಂಚಿಗೆ ಜೋಡಿಯಾಗಿ ಸಾಗುತ್ತವೆ. ಸಮುದ್ರದ ಕಡೆಯದು ಕಾರ್ಡಿಯೆರಾ ನೆಗ್ರಾ, ಅಂದರೆ ಕಪ್ಪು ಸಾಲು. ಅಲ್ಲಿ ಹಿಮನದಿಗಳಿಲ್ಲ. ಒಳಗಿನದು ಬ್ಲಾಂಕಾ, ಬಿಳಿ ಸಾಲು. ಪೆರುವಿನ ಅತಿ ಎತ್ತರದ ಶಿಖರ ವಾಸ್ಕರಾನ್ (6,768 ಮೀಟರ್) ಇರುವುದು ಇಲ್ಲೇ. ನಡುವಿನ ಕಣಿವೆಗೆ ಕಾಯೆಹೋನ್ ದೆ ವಾಯ್ಲಾಸ್ ಎನ್ನುತ್ತಾರೆ. ಕಾಯೆಹೋನ್ ಎಂದರೆ ಓಣಿ! ಸಾಂತಾ ನದಿ ಈ ಓಣಿಯಲ್ಲಿ ಉತ್ತರಕ್ಕೆ ಹರಿದು, ಪಾತೋ ಕಮರಿ ದಾಟಿ, ಪಶ್ಚಿಮಕ್ಕೆ ತಿರುಗಿ ಪೆಸಿಫಿಕ್ ಸೇರುತ್ತದೆ. ಬಿಳಿ ಸಾಲಿನ ಆಚೆ ಮಗ್ಗುಲಿಗೆ ಬಿದ್ದ ನೀರು ಮಾರಾನ್ಯೋನ್ ನದಿ ಹಿಡಿದು ಅಮೆಜಾನಿಗೆ, ಅಲ್ಲಿಂದ ಅಟ್ಲಾಂಟಿಕ್‌ಗೆ. ಒಂದೇ ಬೆಟ್ಟದ ನೀರಿಗೆ ಎರಡು ಸಾಗರ.

ಈಗ ಆಡಳಿತ. ಪೆರುವಿನಲ್ಲಿ 24 ಡಿಪಾರ್ಟ್‌ಮೆಂಟ್‌ಗಳಿವೆ, ಆಂಕಾಶ್ ಅದರಲ್ಲಿ ಒಂದು. ಡಿಪಾರ್ಟ್‌ಮೆಂಟ್ ಅಂದರೆ ಕಚೇರಿಯ ಇಲಾಖೆ ಅಲ್ಲ, ಪ್ರದೇಶ. ಇದರೊಳಗೆ 20 ಪ್ರಾಂತ್ಯ, ಪ್ರಾಂತ್ಯಗಳೊಳಗೆ ಒಟ್ಟು 166 ಡಿಸ್ಟ್ರಿಕ್ಟ್. ನಾನು ಎಡವಿದ್ದು ಇಲ್ಲೇ. ಡಿಸ್ಟ್ರಿಕ್ಟ್ ಅಂದ ಕೂಡಲೇ ನಮ್ಮ ತಲೆಗೆ ದೊಡ್ಡ ಜಿಲ್ಲೆ ಬರುತ್ತದೆ, ಅಲ್ವಾ? ಅಲ್ಲಿ ಅದು ಕೆಳಗಿನ ಹಂತ. ಪ್ರಾಂತ್ಯಕ್ಕೂ ಡಿಸ್ಟ್ರಿಕ್ಟ್‌ಗೂ ಚುನಾಯಿತ ಮೇಯರ್ ಇರುತ್ತಾರೆ. ಎಲ್ಲದರ ಮೇಲೆ ಪ್ರಾದೇಶಿಕ ಸರ್ಕಾರ, ಅದರ ಮುಖ್ಯಸ್ಥರು ಗವರ್ನರ್. ಅವರನ್ನೂ ಜನರೇ ಆರಿಸುತ್ತಾರೆ, ಅವಧಿ ನಾಲ್ಕು ವರ್ಷ.

ಆಡಳಿತ ಕೇಂದ್ರ ವಾರಾಸ್, ಸುಮಾರು 3,050 ಮೀಟರ್ ಎತ್ತರದಲ್ಲಿ, ಅದೇ ಓಣಿಯಲ್ಲಿದೆ. ನಕ್ಷೆಯಲ್ಲಿ ಇದರ ಹೆಸರು ಎಚ್ ಅಕ್ಷರದಿಂದ ಶುರುವಾಗುತ್ತದೆ, ಆದರೆ ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಉಚ್ಚಾರ ಇಲ್ಲ. ವಾರಾಸ್ ನಗರ, ವಾರಾಸ್ ಡಿಸ್ಟ್ರಿಕ್ಟ್, ವಾರಾಸ್ ಪ್ರಾಂತ್ಯ ಮೂರೂ ಇವೆ. ಯಾವುದರ ಮಾತು ಎಂದು ನೋಡಿಕೊಂಡು ಓದಿ. ಜನ ಜಾಸ್ತಿ ಇರುವ ನಗರ ಮಾತ್ರ ಕರಾವಳಿಯ ಚಿಂಬೋತೆ. ತಣ್ಣನೆಯ ಹಂಬೋಲ್ಟ್ ಪ್ರವಾಹ ತರುವ ಆಂಚೋವಿ ಎಂಬ ಚಿಕ್ಕ ಮೀನಿನಿಂದ ಬೆಳೆದ ಬಂದರು ಅದು.

ಮೊದಲು ಈ ಪ್ರದೇಶದ ಹೆಸರು ವಾಯ್ಲಾಸ್ ಎಂದಿತ್ತು. 1839ರಲ್ಲಿ ಇದೇ ಓಣಿಯ ಯುಂಗಾಯ್ ಎಂಬ ಊರಿನ ಬಳಿ ನಡೆದ ಯುದ್ಧದ ನಂತರ, ಅಲ್ಲಿನ ಆಂಕಾಶ್ ಎಂಬ ಹೊಳೆಯ ಹೆಸರನ್ನೇ ಇಟ್ಟರು.

ಅದೇ ಯುಂಗಾಯ್ 1970ರ ಮೇ 31ರಂದು ಮಣ್ಣುಪಾಲಾಯಿತು. ಭೂಕಂಪಕ್ಕೆ ವಾಸ್ಕರಾನಿನ ಉತ್ತರ ಶಿಖರದ ಹಿಮ, ಬಂಡೆ ಕಳಚಿ ಊರ ಮೇಲೆ ಬಿತ್ತು. ಎತ್ತರದಲ್ಲಿದ್ದ ಸ್ಮಶಾನದ ದಿಬ್ಬ ಹತ್ತಿದ ಕೆಲವರು ಉಳಿದರು. ಪ್ರಾಂತ್ಯದ ಕೇಂದ್ರವನ್ನು ದಕ್ಷಿಣಕ್ಕೆ, ಬೇರೆ ಕಡೆಗೆ ಒಯ್ಯಲು ಸರ್ಕಾರ ಹೊರಟಿತ್ತು. ಬದುಕುಳಿದವರು ಜಗ್ಗಲಿಲ್ಲ. ಇಂದಿನ ಯುಂಗಾಯ್ ಹಳೆ ಊರಿನ ಹತ್ತಿರವೇ ಇದೆ, ಪ್ರಾಂತ್ಯದ ಕೇಂದ್ರವೂ ಅದೇ.